ಬಕೆಟ್ಟಿಗೆ ಬಸಿದ ಕೋಳಿರಸ

ನನಗೆ ಅಡುಗೆ ಬರುತ್ತದೆ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಕಾಲವದು. ನಿಜಕ್ಕೂ ಬರುತ್ತಿದ್ದದ್ದು ಅನ್ನ ಒಂದೇ. ಅನ್ನದಲ್ಲೂ ಅರ್ಧ ಮಾತ್ರ. ಬೇಯುವುದು ಅಕ್ಕಿಗೆ ಬಿಟ್ಟ ವಿಚಾರ, ಗಂಜಿ ಬಸಿಯುವುದು ನನ್ನ ವಿದ್ಯೆ. ಪಾತ್ರೆಯ ಬಾಯಿಗೆ ತಟ್ಟೆ ಅಡ್ಡ ಹಿಡಿದು, ಎರಡೂ ಕಡೆ ಬಟ್ಟೆ ಸೇರಿಸಿ ಬಿಗಿಯಾಗಿ ಒತ್ತಿ, ಒಂದು ಅಗುಳೂ ಜಾರದ ಹಾಗೆ ಬಗ್ಗಿಸಿದೆನೆಂದರೆ ನೋಡಿದವರು ಚಪ್ಪಾಳೆ ತಟ್ಟಬೇಕು. ಯಾರೂ ತಟ್ಟುತ್ತಿರಲಿಲ್ಲ, ಅದು ಬೇರೆ ಮಾತು. ಈ ವಿದ್ಯೆಯೇ ಒಂದು ಭಾನುವಾರ ನನ್ನ ಮಾನ ಕಳೆಯಿತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯಶವಂತಪುರದ ಕಡೆಯ ಒಂದು ಫ್ಯಾಕ್ಟರಿಯಲ್ಲಿ ನಾನೂ ನನ್ನ ಗೆಳೆಯನೂ ಅಪ್ರೆಂಟಿಸ್‌ಗಳು. ನಾನು ದೊಡ್ಡಬಳ್ಳಾಪುರದ ಆಚೆಯ ಹಳ್ಳಿಯವನು, ಅವನು ಗದಗದ ಕಡೆಯವನು. ಇಬ್ಬರೂ ಸೇರಿ ಮತ್ತಿಕೆರೆಯಲ್ಲಿ ಒಂದು ರೂಮು ಹಿಡಿದಿದ್ದೆವು. ಓನರಮ್ಮನ ಮನೆಯ ಹಿಂದೆ ಸಾಲಾಗಿ ಕಟ್ಟಿದ್ದ ಶೀಟಿನ ರೂಮುಗಳಲ್ಲಿ ಕೊನೆಯದು ನಮ್ಮದು. ಅದರ ಎದುರಿಗೆ ನಲ್ಲಿ, ನಲ್ಲಿಯ ಪಕ್ಕಕ್ಕೆ ಹಸುವಿನ ಕೊಟ್ಟಿಗೆ. ಗೇಟಿನಿಂದ ಒಳಗೆ ಬಂದವರಿಗೆ ಮೊದಲು ಕಾಣುವುದು ಹಸು, ಆಮೇಲೆ ಓನರಮ್ಮ, ಎಲ್ಲಾ ಮುಗಿದ ಮೇಲೆ ನಾವು. ಆ ವಠಾರದಲ್ಲಿ ನಮ್ಮ ಸ್ಥಾನಮಾನವೂ ಇದೇ ಕ್ರಮದಲ್ಲಿತ್ತು.

ಓನರಮ್ಮನದು ಮತ್ತಿಕೆರೆ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಒಕ್ಕಲುಮನೆ. ಹೊಲವೆಲ್ಲ ಸೈಟುಗಳಾಗಿ ಹೋಗಿದ್ದರೂ ಹಸುವನ್ನು ಮಾತ್ರ ಆಕೆ ಬಿಟ್ಟಿರಲಿಲ್ಲ. ನಲ್ಲಿಯ ಪಕ್ಕದಲ್ಲಿ ಒಂದು ತಗಡಿನ ಬಕೆಟ್ಟು ಇಟ್ಟಿದ್ದರು. ಅದು ಕಲಗಚ್ಚಿನ ಬಕೆಟ್ಟು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಹೀಗೆ ಎಲ್ಲರ ಅಡುಗೆಮನೆಯಿಂದ ಉಳಿದದ್ದೆಲ್ಲ ಅದಕ್ಕೆ ಸೇರಬೇಕು. ಅಲ್ಲಿಂದ ಹಸುವಿನ ಹೊಟ್ಟೆಗೆ. ಬಾಡಿಗೆ ತಡವಾದರೆ ಓನರಮ್ಮ ಒಂದು ಮಾತೂ ಆಡುತ್ತಿರಲಿಲ್ಲ. ಕಲಗಚ್ಚು ತಡವಾದರೆ ಬಾಗಿಲಿಗೆ ಬರುತ್ತಿದ್ದರು. ಅವರ ಮನೆಯಲ್ಲೂ ಕೋಳಿ ಕುಯ್ಯುತ್ತಿದ್ದರು, ನಮಗೂ ಮಾಡಿಕೊಳ್ಳಲು ಅಡ್ಡಿ ಇರಲಿಲ್ಲ. ಆದರೆ ಕೋಳಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಆ ಬಕೆಟ್ಟಿನ ಹತ್ತಿರ ಸುಳಿಯುವಂತಿರಲಿಲ್ಲ.

“ನಾವ್ ತಿನ್ನೋದು ನಮ್ ಕರ್ಮ ಕಣಪ್ಪ. ಅದು ಬಾಯಿಲ್ದ ಪ್ರಾಣಿ. ಅದ್ರ ಬಾಯ್ಗೆ ಒಂದ್ ಮೂಳೆ ಚೂರು ಓಗ್ಬಾರ್ದು,” ಎಂದು ರೂಮು ಕೊಟ್ಟ ದಿನವೇ ಹೇಳಿದ್ದರು. ನಮಗಿಂತ ಮುಂಚೆ ಆ ರೂಮಿನಲ್ಲಿದ್ದವನೊಬ್ಬ ಮೀನು ತೊಳೆದ ನೀರನ್ನು ಆ ಬಕೆಟ್ಟಿಗೆ ಸುರಿದು, ಅದೇ ಸಂಜೆ ಹಾಸಿಗೆ ಸುತ್ತಿಕೊಂಡು ಹೆಬ್ಬಾಳದ ಕಡೆ ಹೋದನಂತೆ.

ನಾನು ದಿನಾ ಬಸಿಯುವ ಗಂಜಿಯಿಂದಾಗಿ ಹಸುವಿಗೂ ನನಗೂ ಒಳ್ಳೆಯ ಸ್ನೇಹವಾಗಿತ್ತು. ನನ್ನ ಅಲ್ಯೂಮಿನಿಯಂ ಪಾತ್ರೆ ಬಾಗಿಲು ದಾಟಿದ ಕೂಡಲೇ ಅದು ‘ಅಂಬಾ’ ಎನ್ನುತ್ತಿತ್ತು. ನನ್ನನ್ನು ನೋಡಿ ಅಷ್ಟು ಸಂತೋಷಪಟ್ಟವರು ಆ ದಿನಗಳಲ್ಲಿ ಬೇರೆ ಯಾರೂ ಇರಲಿಲ್ಲ.

ನಮ್ಮ ರೂಮಿನ ನಿಜವಾದ ಅಡುಗೆಯವನು ಗೆಳೆಯ. ರೊಟ್ಟಿ ಬಡಿಯುವುದು, ಪಲ್ಯ ಮಾಡುವುದು, ಖಾರ ಎಷ್ಟೆಂದು ತೀರ್ಮಾನಿಸುವುದು, ಖಾರ ಜಾಸ್ತಿಯಾಯಿತು ಎಂದು ನಾನು ಅತ್ತರೆ ಬೆಲ್ಲ ಕೊಡುವುದು, ಎಲ್ಲ ಅವನದೇ. ಅಂಥವನು ಒಂದು ದಿನ ಮೆಷಿನ್ ಮುಂದೆ ನಿಂತಿದ್ದಾಗಲೇ ನಡುಗತೊಡಗಿದ. ಟೈಫಾಯ್ಡ್. ಜ್ವರ ಇಳಿಯುವ ಹೊತ್ತಿಗೆ ಅವನ ಷರಟನ್ನು ಅವನಿಗೆ ಹಾಕಿದರೆ ಒಳಗೆ ಇನ್ನೊಬ್ಬ ಬಾಡಿಗೆಗೆ ಇರಬಹುದಿತ್ತು. ಜ್ವರ ಹೋದರೂ ಹಸಿವು ಬರಲಿಲ್ಲ. ಬ್ರೆಡ್ಡು ಕೊಟ್ಟರೆ ಮುಖ ತಿರುಗಿಸುತ್ತಿದ್ದ. ನಾನು ಮಾಡಿದ ಗಂಜಿ ಕೊಟ್ಟರೆ ಗೋಡೆಯ ಕಡೆಗೇ ತಿರುಗಿ ಮಲಗುತ್ತಿದ್ದ. ಬಚ್ಚಲಿಗೆ ಹೋಗಬೇಕಾದರೆ ಒಂದು ಕೈ ಗೋಡೆಗೆ, ಇನ್ನೊಂದು ನನ್ನ ಹೆಗಲಿಗೆ.

ಇದೆಲ್ಲ ಅವನ ತಂದೆಯ ಕಿವಿಗೆ ಬಿತ್ತು. ಅವರದು ಊರಿನಲ್ಲಿ ಕಿರಾಣಿ ಅಂಗಡಿ. ಮಗ ಬೆಂಗಳೂರಿಗೆ ಹೊರಟಾಗಲೇ ಅವರಿಗೆ ಇಷ್ಟವಿರಲಿಲ್ಲ. ಈಗ ಅವರೂರಿನ ಕಡೆಯವನೊಬ್ಬನ ಹತ್ತಿರ ಹೇಳಿ ಕಳಿಸಿದರು. ಅವನು ಬಾಗಿಲಲ್ಲೇ ನಿಂತು ಒಪ್ಪಿಸಿದ: “ನಿಮ್ಮಪ್ಪ ಐತವಾರ ಮುಂಜಾನಿ ಟ್ರೇನಿಗೆ ಬರ್ತಾರಂತ. ನೀ ಎದ್ದು ಅಡ್ಡಾಡತಿದ್ದಿ ಅಂದ್ರ ಸರಿ. ಹಾಸಿಗ್ಯಾಗ ಇದ್ದಿ ಅಂದ್ರ, ಟ್ರಂಕ್ ಕಟ್ಟಿಸಿ ಕರಕೊಂಡು ಹೋಗ್ತಾರಂತ. ಮತ್ತ ಇಲ್ಲಿಗೆ ಕಳ್ಸಂಗಿಲ್ಲಂತ. ಅಂಗಡ್ಯಾಗ ಕುಂದ್ರಸ್ತಾರಂತ.”

ಅವನು ಹೋದ ಮೇಲೆ ಗೆಳೆಯ ಚಾವಣಿಯ ಶೀಟನ್ನು ನೋಡುತ್ತಾ ಮಲಗಿದ್ದ. “ತಕ್ಕಡಿ ಹಿಡಿಯೂದು ನನ್ನ ಕೈಲೆ ಆಗಂಗಿಲ್ಲಲೇ,” ಎಂದ. “ಇನ್ನೇನು ಅಪ್ರೆಂಟಿಸ್ ಮುಗೀತದ. ಲೇತ್ ಮ್ಯಾಲೆ ಕೈ ಈಗ ಕುಂತೈತಿ. ಈಗ ಹ್ವಾದ್ರ ಮುಗೀತು.”

ಅವನ ದನಿ ಕೇಳಿ ನನಗೆ ನಗೆಚಾಟಿಕೆ ಒಂದೂ ಹೊಳೆಯಲಿಲ್ಲ. ನನಗೆ ಇಂಥದ್ದು ಆಗುವುದು ಅಪರೂಪ. ಸ್ವಾರ್ಥವೂ ಇತ್ತು ಅನ್ನಿ. ಅವನು ಹೋದರೆ ನಾನು ಜೀವಮಾನವಿಡೀ ಬರಿ ಅನ್ನ ಬಸಿದುಕೊಂಡು ಕೂರಬೇಕು.

“ಸುಮ್ನಿರು ಮಗಾ,” ಎಂದೆ. “ಭಾನುವಾರದ ಹೊತ್ತಿಗೆ ನಿನ್ನ ಎದ್ದು ನಿಲ್ಲಿಸ್ತೀನಿ. ನಿಮ್ಮಪ್ಪ ನೋಡಿ ಇವನಿಗ್ ಏನೂ ಆಗೇ ಇಲ್ಲ ಅನ್ಬೇಕು.”

ಅವನು ಅನುಮಾನದಿಂದ ನೋಡಿದ. ನನ್ನ ಭರವಸೆಗಳ ಗುಣಮಟ್ಟ ಅವನಿಗೆ ಗೊತ್ತಿತ್ತು.

ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರು ತಲೆ ಎತ್ತದೆ ಕೇಳಿದರು, “ಕೋಳಿ ತಿಂತಾನಾ?”

“ಕೊಟ್ರೆ ರೆಕ್ಕೆಪುಕ್ಕ ಸಮೇತ ತಿಂತಾನೆ ಸಾರ್.”

“ಈಗ ಅದೆಲ್ಲ ಬೇಡ. ಮೂಳೆ ಹಾಕಿ ಚೆನ್ನಾಗಿ ಬೇಯಿಸಿ, ಬರೀ ತಿಳಿ ಕುಡಿಸು. ಖಾರ ಬೇಡ, ಎಣ್ಣೆ ಬೇಡ. ಬಾಯಿ ರುಚಿ ಬಂದ್ರೆ ಹಸಿವು ತಾನೇ ಬರುತ್ತೆ.”

ಅಷ್ಟೇ. ಕ್ಲಿನಿಕ್ಕಿನಿಂದ ರೂಮಿಗೆ ಬರುವಷ್ಟರಲ್ಲಿ ನಾನು ಅರ್ಧ ಡಾಕ್ಟರಾಗಿ, ಪೂರ್ತಿ ಬಾಣಸಿಗನಾಗಿದ್ದೆ. ತಿಂಗಳ ಕೊನೆ, ಇಡೀ ಕೋಳಿ ತರುವ ಶಕ್ತಿ ಇರಲಿಲ್ಲ. ಬೇಕಾಗಿದ್ದೂ ಮೂಳೆಯೇ ತಾನೆ? ಸ್ಟೇಷನ್ ರಸ್ತೆಯ ಕೋಳಿ ಅಂಗಡಿಗೆ ಹೋದೆ. ಅಂಗಡಿಯ ಭಾಯ್ ಕೋಳಿ ಕತ್ತರಿಸಿ, ಯಾರೂ ಒಯ್ಯದ ಕಾಲು, ಕತ್ತು, ರೆಕ್ಕೆಯ ತುದಿ, ಬೆನ್ನಿನ ಮೂಳೆಗಳನ್ನು ಒಂದು ಬುಟ್ಟಿಗೆ ಎಸೆಯುತ್ತಿದ್ದರು.

“ಭಾಯ್, ಭಾನುವಾರ ಬೆಳಿಗ್ಗೆ ಆ ಬುಟ್ಟಿದು ನಂಗ್ ಸ್ವಲ್ಪ ಕೊಡ್ತೀರಾ?”

“ನಾಯಿಗಾ ಗುರು?”

ಹೌದು ಎನ್ನುವುದೋ ಅಲ್ಲ ಎನ್ನುವುದೋ? ಮನುಷ್ಯರಿಗೆ ಎಂದರೆ ಕೊಡುತ್ತಾರೋ ಇಲ್ಲವೋ. “ಹೌದು ಭಾಯ್, ನಾಯಿಗೆ.”

“ಯಾವ್ ನಾಯಿ?”

ಗೆಳೆಯನ ಎದೆಮೂಳೆಗಳು ಕಣ್ಣ ಮುಂದೆ ಬಂದವು. “ಮುಧೋಳದ್ದು,” ಎಂದೆ. “ಉದ್ದಕ್ಕೆ, ಸಣ್ಣಗೆ, ಹೊಟ್ಟೆ ಬೆನ್ನಿಗೆ ಅಂಟ್ಕೊಂಡಿರುತ್ತಲ್ಲ, ಅದು. ಪಾಪ, ಹುಷಾರಿಲ್ಲ.”

“ಅಯ್ಯೋ, ಮುಧೋಳ! ಅದು ಓಡೋ ನಾಯಿ. ಮಲಗ್ಬಾರ್ದು,” ಎಂದು ಭಾಯ್ ನಿಜವಾಗಿಯೂ ನೊಂದುಕೊಂಡರು. “ಬಾ ಭಾನುವಾರ. ಒಳ್ಳೊಳ್ಳೆ ಕಾಲು ತೆಗ್ದಿಡ್ತೀನಿ. ಕಾಲು ಬೆಂಕಿಲಿ ಸುಟ್ಟು, ಮೇಲಿನ ತೊಗಲು ಎಳೆದು ಹಾಕ್ಬೇಕು. ಬರೀ ನೀರಲ್ಲಿ ನಿಧಾನ ಬೇಯಿಸು.”

ರೂಮಿಗೆ ಬಂದು ಇದನ್ನು ಹೇಳಿದೆ. ಗೆಳೆಯ ನಗಲಿಲ್ಲ. ಆದರೆ ಗೋಡೆಯ ಕಡೆಗೆ ತಿರುಗಲೂ ಇಲ್ಲ. “ನನಗ ನಾಯಿ ಅಂದಿಯೇನು?” ಎಂದು ಎರಡು ಸಲ ಕೇಳಿದ. ಅಷ್ಟು ಮಾತು ಅವನ ಬಾಯಲ್ಲಿ ಬಂದು ಬಹಳ ದಿನವಾಗಿತ್ತು.

ಮೂಳೆ ಸರಿ, ಜೊತೆಗೆ ಹಾಕಲು ಏನು? ಈರುಳ್ಳಿಯ ತುದಿ, ಕ್ಯಾರೆಟ್ಟಿನ ತಲೆ, ಕೊತ್ತಂಬರಿ ಬೇರು-ದಂಟು, ಶುಂಠಿ ಸಿಪ್ಪೆ, ಬೆಳ್ಳುಳ್ಳಿಯ ಪುಟಾಣಿ ಎಸಳುಗಳು, ಇವೆಲ್ಲ ಹಾಕಿದರೆ ರಸಕ್ಕೆ ಘಮ ಬರುತ್ತದೆ ಎಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕೇಳಿಕೊಂಡು ಬಂದೆ. ಬಿಸಾಡುವಂಥವೇ. ಆದರೆ ನಮ್ಮ ವಠಾರದಲ್ಲಿ ಬಿಸಾಡುವಂಥದ್ದು ಎಂಬುದೇ ಇರಲಿಲ್ಲ. ಇದ್ದದ್ದೆಲ್ಲ ಹಸುವಿನ ಆಸ್ತಿ. ಹಾಗಾಗಿ ನಾನು ಹಸುವಿನ ಪಾಲಿಗೆ ಕನ್ನ ಹಾಕತೊಡಗಿದೆ. ತರಕಾರಿ ಹೆಚ್ಚಿ ಉಳಿದದ್ದನ್ನೆಲ್ಲ ಒಂದು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೀರಿನ ಮಡಕೆಯ ಪಕ್ಕ ಬಚ್ಚಿಟ್ಟೆ.

ಓನರಮ್ಮನ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಸಂಜೆ ಬಾಗಿಲಿಗೆ ಬಂದರು.

“ಏನಪ್ಪಾ, ನಿಮ್ ರೂಮಿಂದ ಗಂಜಿ ಬತ್ತೈತೆ, ಸಿಪ್ಪೆನೇ ಬರ್ತಿಲ್ವಲ್ಲ?”

“ಸಿಪ್ಪೆ ಸಮೇತ ತಿಂತಿದೀವಿ ಅಮ್ಮಾ. ಸಿಪ್ಪೇಲೇ ವಿಟಮಿನ್ನು ಇರೋದಂತೆ. ಡಾಕ್ಟ್ರು ಹೇಳಿದ್ರು.”

“ಈರುಳ್ಳಿ ಸಿಪ್ಪೆನೂವಾ?”

“ಅದ್ರಲ್ಲೇ ಜಾಸ್ತಿ ಅಂತೆ.”

ಓನರಮ್ಮ ಒಳಗೆ ಮಲಗಿದ್ದ ಗೆಳೆಯನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. “ಅದಕ್ಕೇ ಆ ಮಗ ಇಂಗ್ ಆಗಿರೋದು. ಅವ್ನಿಗೆ ಅನ್ನ ಆಕೋ, ಸಿಪ್ಪೆ ತಿನ್ನಿಸ್ತೀಯಲ್ಲ,” ಎಂದು ಬೈದು ಹೋದರು. ಸ್ವಲ್ಪ ಹೊತ್ತಿಗೆ ಒಂದು ಲೋಟ ಹಾಲು ತಂದಿಟ್ಟರು. ಗೆಳೆಯ ಅದನ್ನೂ ಕುಡಿಯಲಿಲ್ಲ. ನಾನು ಕುಡಿದೆ. ಬಾಣಸಿಗನಿಗೂ ಶಕ್ತಿ ಬೇಕಲ್ಲ.

ಭಾನುವಾರ ಬೆಳಗಾಗುವ ಮೊದಲೇ ಭಾಯ್ ಅಂಗಡಿಯ ಬಾಗಿಲು ಬಡಿದೆ. ಪೇಪರಿನಲ್ಲಿ ಕಟ್ಟಿದ ಗಂಟನ್ನು ಎದೆಗೆ ಅವುಚಿಕೊಂಡು ಬಂದು ಸೀಮೆಎಣ್ಣೆ ಸ್ಟವ್ ಹಚ್ಚಿದೆ. ಕೋಳಿ ಕಾಲನ್ನು ಬೆಂಕಿಯಲ್ಲಿ ಸುಡಬೇಕಿತ್ತಲ್ಲ, ಇಕ್ಕಳದಲ್ಲಿ ಹಿಡಿದು ಸುಟ್ಟೆ. ಮೊದಲನೆಯದು ಇದ್ದಿಲಾಯಿತು. ಎರಡನೆಯದು ಇಕ್ಕಳದಿಂದ ಹಾರಿ ಗೆಳೆಯನ ಹೊದಿಕೆಯ ಮೇಲೆ ಬಿತ್ತು. ಆ ವಾಸನೆಗೆ ಪಕ್ಕದ ರೂಮಿನವರು ಗೋಡೆ ಬಡಿದು, “ಯಾರ್ರೀ ಅದು ಕೂದ್ಲು ಸುಟ್ಕೊಂಡಿರೋದು?” ಎಂದು ಕೂಗಿದರು. ನಾನು ತಲೆ ಮುಟ್ಟಿ ನೋಡಿಕೊಂಡೆ. ಹುಬ್ಬು ಸ್ವಲ್ಪ ಕಡಿಮೆಯಾಗಿತ್ತು.

ಆದರೆ ಆಮೇಲೆ ಎಲ್ಲವೂ ಸರಿಹೋಯಿತು. ಅದೇ ನನ್ನನ್ನು ಕೆಡಿಸಿದ್ದು. ನಮ್ಮಲ್ಲಿದ್ದ ದೊಡ್ಡ ಪಾತ್ರೆ ಎಂದರೆ ಅನ್ನದ ಪಾತ್ರೆ ಒಂದೇ. ಅದರಲ್ಲಿ ಮೂಳೆ ಹಾಕಿ, ಮುಳುಗುವಷ್ಟು ನೀರು ಹೊಯ್ದು, ಬತ್ತಿ ಸಣ್ಣಗೆ ಮಾಡಿದೆ. ಮೇಲೆ ಬಂದ ನೊರೆಯನ್ನು ಚಮಚದಲ್ಲಿ ತೆಗೆದೆ. ಸಿಪ್ಪೆ-ದಂಟಿನ ಗಂಟು ಬಿಚ್ಚಿ ಸುರಿದೆ. ಒಂದು ಚಿಟಿಕೆ ಅರಿಶಿನ, ಜಜ್ಜಿದ ನಾಲ್ಕು ಕಾಳು ಮೆಣಸು, ಉಪ್ಪು. ಕುದಿಯಲಿಲ್ಲ ಅದು, ಒಳಗೊಳಗೇ ಗುನುಗಿತು. ಬಿಸಿಲು ಬಾಗಿಲಿಗೆ ಬರುವ ಹೊತ್ತಿಗೆ ನೀರು ಬಂಗಾರದ ಬಣ್ಣಕ್ಕೆ ತಿರುಗಿ, ಮೇಲೆ ಸಣ್ಣ ಸಣ್ಣ ಜಿಡ್ಡಿನ ಕಣ್ಣುಗಳು ಬಿಟ್ಟುಕೊಂಡು, ಆ ಶೀಟಿನ ರೂಮೆಲ್ಲ ಘಮ್ ಎಂದಿತು.

ಗೆಳೆಯ ಹೊದಿಕೆಯಿಂದ ಮೂಗು ಹೊರಗೆ ಹಾಕಿದ. ಆಮೇಲೆ ತಲೆ. ಆಮೇಲೆ ಗೋಡೆಗೆ ಒರಗಿ ಎದ್ದು ಕೂತ.

“ಲೇ,” ಎಂದ. “ಹಸಿವಾಗೈತಿ.”

ನಾನು ಚಮಚ ಕೆಳಗಿಟ್ಟೆ. “ಇನ್ನೊಂದ್ ಸಲ ಹೇಳು.”

“ಹಸಿವಾಗೈತಿ. ಲಗೂ ತಾ. ಅಪ್ಪ ಬರೂ ಹೊತ್ತಾತು.”

ತಕ್ಷಣ ಹಾಗೇ ಒಂದು ಲೋಟ ಸುರಿದು ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಲಾವಿದನಾದವನು ಕೊನೆಯಲ್ಲಿ ಅವಸರ ಮಾಡಬಾರದು. “ತಡಿ ಮಗಾ, ಬಸಿದು ತರ್ತೀನಿ. ಸಿಪ್ಪೆ-ಮೂಳೆ ಏನೂ ಇಲ್ದೆ, ಕನ್ನಡಿ ಥರ ಇರ್ಬೇಕು,” ಎಂದು ಬಟ್ಟೆ ಹಿಡಿದು ಪಾತ್ರೆ ಎತ್ತಿದೆ. ಕೆಳಗಿಡಬೇಕಾದ ಬೋಗುಣಿ ನಲ್ಲಿಯ ಕಟ್ಟೆಯ ಮೇಲಿತ್ತು, ತೊಳೆದು ಕವುಚಿಟ್ಟಿದ್ದೆ. ಅಲ್ಲೇ ಬಸಿಯುವುದು ಎಂದು ಹೊರಟೆ.

ಬಾಗಿಲು ದಾಟಿದೆ. ಹಸು ನನ್ನ ಪಾತ್ರೆಯನ್ನು ನೋಡಿ “ಅಂಬಾ” ಎಂದಿತು. ಕೊಟ್ಟಿಗೆಯೊಳಗಿನಿಂದ ಓನರಮ್ಮ, ಸಗಣಿ ಬಾಚುತ್ತಿದ್ದವರು, ತಲೆ ಎತ್ತದೆ ಹೇಳಿದರು, “ಬಂತಾ ಗಂಜಿ? ಉಯ್ಯಪ್ಪಾ, ಉಯ್ಯಿ. ಕಾಯ್ತಾ ಐತೆ ಅದು.”

ನನ್ನ ಮನಸ್ಸು ಆಗ ಅಲ್ಲಿರಲಿಲ್ಲ. ಅದು ಗೆಳೆಯನ ತಂದೆಯ ಮುಂದೆ ನಿಂತು ಭಾಷಣ ಮಾಡುತ್ತಿತ್ತು: ‘ನೋಡಿ ಕಾಕಾ, ನಿಮ್ಮ ಮಗನ್ನ ನಾನು ಹೇಗ್ ನೋಡ್ಕೊಂಡಿದೀನಿ.’ ಕೈಗಳು ಮಾತ್ರ ತಮಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದವು. ತಟ್ಟೆ ಅಡ್ಡ ಹಿಡಿದು, ಬಟ್ಟೆ ಬಿಗಿಯಾಗಿ ಒತ್ತಿ, ಎಂದಿನ ಬಕೆಟ್ಟಿನ ಮೇಲೆ, ಎಂದಿನ ಹಾಗೆ ಬಗ್ಗಿಸಿದೆ. ಸೊಗಸಾಗಿ ಬಸಿದೆ. ಒಂದು ದಂಟೂ ಜಾರಲಿಲ್ಲ. ಕೊನೆಯ ಹನಿಗೆ ಪಾತ್ರೆಯನ್ನು ಎರಡು ಸಲ ಕುಲುಕಿದೆ ಕೂಡ.

ಓನರಮ್ಮ ಬಂದು ಬಕೆಟ್ಟು ಎತ್ತಿಕೊಂಡು ಹೋದರು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಬಂದೆ. ಗೆಳೆಯ ಸ್ಟೀಲಿನ ಲೋಟ ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದ, ಮದುವೆ ಮನೆಯಲ್ಲಿ ಪಾಯಸಕ್ಕೆ ಕೂತವರ ಹಾಗೆ.

“ಲಗೂ ಹಾಕಲೇ,” ಎಂದ.

ಬಗ್ಗಿಸಿದೆ. ಒಂದು ಹನಿ ಬಿತ್ತು. ಇನ್ನೊಂದು ಹನಿ ಬಿತ್ತು. ಆಮೇಲೆ ಒಂದು ಕೋಳಿ ಕಾಲು ‘ಟಣ್’ ಎಂದು ಲೋಟದೊಳಗೆ ಬಿದ್ದು, ಬೆರಳುಗಳನ್ನು ಮೇಲೆ ಮಾಡಿ ನಿಂತಿತು.

ಗೆಳೆಯ ಅದನ್ನು ನೋಡಿದ. ನನ್ನನ್ನು ನೋಡಿದ. “ರಸ ಎಲ್ಲೈತಿ?”

“ಬಸಿದೆ.”

“ಎಲ್ಲಿ ಬಸಿದಿ?”

ನಾನು ಬಾಗಿಲ ಕಡೆ ತಿರುಗಿದೆ. ಉತ್ತರ ಕೊಟ್ಟಿಗೆಯಿಂದ ಬಂತು: “ಬಾ ತಾಯಿ, ಕುಡಿ. ಇವತ್ತು ಗಂಜಿ ಏನ್ ಘಮ್ಮಂತೈತೆ!”

ನನ್ನ ಗೆಳೆಯ, ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಲಾರದವನು, ಲೋಟ ಕೆಳಗೆ ಕುಕ್ಕಿ ಎದ್ದ. ಎದ್ದದ್ದೇ ಓಡಿದ. ತಲೆಗೆ ಸುತ್ತಿದ್ದ ಮಫ್ಲರು ಹಿಂದೆ ಹಾರುತ್ತಿತ್ತು, ಹೊದಿಕೆ ಒಂದು ಕಾಲಿಗೆ ಸುತ್ತಿಕೊಂಡು ಅರ್ಧ ದಾರಿ ಜೊತೆಗೇ ಬಂತು. “ಯವ್ವಾ, ಕುಡಸಬ್ಯಾಡ್ರೀ! ಕೋಳಿ ಐತಿ ಅದರಾಗ, ಕೋಳಿ!” ನೀವು ಯಾಕೆ ಓಡಲಿಲ್ಲ ಎಂದು ನನ್ನನ್ನು ಕೇಳಬೇಡಿ. ನನ್ನ ಕಾಲುಗಳು ಆಗ ಪಾತ್ರೆಯಲ್ಲಿದ್ದ ಕಾಲುಗಳಷ್ಟೇ ಉಪಯೋಗಕ್ಕೆ ಬರುತ್ತಿದ್ದವು.

ಬಾಗಿಲಿಗೆ ಬಂದು ನೋಡುತ್ತೇನೆ, ಗೆಳೆಯ ಬಕೆಟ್ಟಿನ ಹಿಡಿಕೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಾನೆ. ಹಸು ಅಷ್ಟರಲ್ಲಿ ಕೊಂಬನ್ನು ಆ ಹಿಡಿಕೆಯೊಳಗೆ ತೂರಿಸಿ ತನ್ನ ಕಡೆಗೆ ಎಳೆಯುತ್ತಿದೆ. ಓನರಮ್ಮನಿಗೆ ಅವನ ಮಾತು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ತಡ, “ಅಯ್ಯೋ ನನ್ ಶಿವನೇ!” ಎಂದು ಅವರೂ ಬಕೆಟ್ಟಿಗೆ ಕೈ ಹಾಕಿದರು. ಮೂವರ ಎಳೆದಾಟದಲ್ಲಿ ಬಕೆಟ್ಟು ಮಗುಚಿತು. ನನ್ನ ಬಂಗಾರದ ರಸ ಕೊಟ್ಟಿಗೆಯ ಮೋರಿಯಲ್ಲಿ ಸಲೀಸಾಗಿ ಹರಿದುಹೋಯಿತು.

ಆಗಲೇ ಗೇಟಿನಲ್ಲಿ ಯಾರೋ ಕೆಮ್ಮಿದ್ದು. ಬಿಳಿ ಪಂಚೆ, ತಲೆಯ ಮೇಲೆ ಟೋಪಿ, ಹೆಗಲಲ್ಲಿ ಗಂಟು ಹಾಕಿದ ಚೀಲ. ಮುಖದ ಮೇಲಿನ ಮೂಗು ಗೆಳೆಯನದೇ, ಸ್ವಲ್ಪ ಹಳೆಯದು ಅಷ್ಟೇ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಯಪ್ಪಾ,” ಎಂದು ಗೆಳೆಯ ಬಕೆಟ್ಟು ಹಿಡಿದುಕೊಂಡೇ ನಿಂತ.

ತಂದೆಗೆ ಮಾತಾಡಲು ಓನರಮ್ಮ ಬಿಡಲಿಲ್ಲ. ಅವರು ನನ್ನ ಕಡೆ ತಿರುಗಿದ್ದರು. “ಏನ್ಲಾ, ಗೋಮಾತೆಗೆ ಕೋಳಿ ಕುಡಿಸ್ತೀಯೇನ್ಲಾ? ಈರುಳ್ಳಿ ಸಿಪ್ಪೇಲಿ ವಿಟಮಿನ್ನು ಅಂತೀಯಾ, ಇದ್ರಲ್ಲಿ ಏನೈತ್ಲಾ? ಕುಡಿದ್ಬುಡ್ತಾ, ಇಲ್ವಾ ಅದು? ಬಾಯ್ಬಿಟ್ಟು ಏಳ್ಲಾ, ಕುಡಿದ್ಬುಡ್ತಾ, ಇಲ್ವಾ?”

ನನಗೆ ಗೊತ್ತಿದ್ದರೆ ತಾನೆ? ಹಸುವಿನ ಮೂತಿಯ ಮೇಲೆ ಒಂದು ಹನಿ ಹೊಳೆಯುತ್ತಿತ್ತು. ಅದು ಬೆವರೋ ರಸವೋ ಎಂದು ಹಸುವೇ ಹೇಳಬೇಕಿತ್ತು. ಹಾಸಿಗೆ ಸುತ್ತಿಕೊಂಡು ಹೆಬ್ಬಾಳಕ್ಕೆ ಹೋದವನು ನೆನಪಾದ.

“ಕುಡದಿಲ್ಲ ತಂಗಿ,” ಎಂದರು ಗೇಟಿನಿಂದ ಗೆಳೆಯನ ತಂದೆ. ನಿಧಾನವಾಗಿ ಒಳಗೆ ಬಂದು ಚೀಲ ಕೆಳಗಿಟ್ಟರು. “ನಾ ಇಲ್ಲೆ ನಿಂತ ನೋಡೀನಿ. ಆಕಳ ಬಾಯಿ ಹಚ್ಚಿಲ್ಲ. ಕೋಡ ಅಷ್ಟ ಹಾಕೇತಿ. ನನ್ನ ಮಗಾ ಓಡಿ ಬಂದು ಮದ್ಲ ಹಿಡದಾನ.”

ದೊಡ್ಡವರು, ಟೋಪಿಯವರು, ದೂರದಿಂದ ಬಂದವರು. ಓನರಮ್ಮ ಸೆರಗು ಸರಿಮಾಡಿಕೊಂಡರು. ಹಸುವಿನ ಮೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಣೆಗೆ ಅರಿಶಿನ ಹಚ್ಚಿ, ಬಕೆಟ್ಟನ್ನು ನನ್ನ ಕಾಲ ಹತ್ತಿರ ಎಸೆದರು. “ಉಣ್ಸೆಹಣ್ಣು ಆಕಿ ಉಜ್ಜು. ಬೂದಿ ಆಕಿ ಉಜ್ಜು. ನನ್ ಮುಖ ಅದ್ರಲ್ಲಿ ಕಾಣ್ಬೇಕು.”

ನಾನು ಉಜ್ಜುತ್ತಾ ಕೂತೆ. ಕಿವಿ ಮಾತ್ರ ಅಪ್ಪ-ಮಗನ ಕಡೆಗಿತ್ತು.

ಗೆಳೆಯ ನಮ್ಮ ರೂಮಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಓಡುವಾಗ ಎಲ್ಲಿಂದಲೋ ಬಂದ ಶಕ್ತಿ ಅಲ್ಲಿಗೇ ವಾಪಸು ಹೋಗಿತ್ತು. ಮೊಣಕಾಲು ಗಡಗಡ ನಡುಗುತ್ತಿದ್ದವು. ಅದನ್ನು ಮುಚ್ಚಲು ಎರಡೂ ಕೈ ಅದರ ಮೇಲಿಟ್ಟುಕೊಂಡ. ಈಗ ಕೈಗಳೂ ನಡುಗಿದವು. ತಂದೆ ಎಲ್ಲವನ್ನೂ ನೋಡಿದರು. ನಾನು ಉಜ್ಜುವುದನ್ನು ನಿಲ್ಲಿಸಿದೆ. ಮುಗಿಯಿತು, ಟ್ರಂಕು ಕಟ್ಟಿಸುತ್ತಾರೆ ಎಂದುಕೊಂಡೆ.

“ಬಾಳ ಸೊರಗೀಯಲ್ಲೋ,” ಎಂದರು.

“ಆರಾಮ ಅದೀನಿ ಯಪ್ಪಾ.”

“ಹೂಂ. ನೋಡಿದ್ನೆಲ್ಲ.” ಮಗನ ಪಕ್ಕ ಕೂತು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. “ಮತ್ತೊಬ್ಬರ ಆಕಳ ಸಲವಾಗಿ ಹಂಗ ಓಡ್ತಿ. ನಮ್ಮ ಅಂಗಡ್ಯಾಗ ಗಿರಾಕಿ ಬಂದ್ರ ಏಳ್ತಿರಲಿಲ್ಲ.” ಆಮೇಲೆ ಕೇಳಿದರು, “ಹಸಿವಾಗೇತೇನ?”

“ಬಾಳ ಆಗೈತಿ.”

ಎಷ್ಟೋ ದಿನದಿಂದ ಕೇಳದ ಆ ಮಾತು ಅವರಿಗೆ ಏನನ್ನಿಸಿತೋ, ಎದ್ದು ನೇರವಾಗಿ ರೂಮಿನೊಳಗೆ ಹೋದರು. ನನ್ನ ಪಾತ್ರೆಯಲ್ಲಿದ್ದ ಮೂಳೆಗಳನ್ನು ಚಮಚದಲ್ಲಿ ತಿರುವಿದರು. ಒಂದು ಕತ್ತಿನ ಮೂಳೆ ಮುರಿದು ನೋಡಿದರು. “ಇದರಾಗ ಇನ್ನೂ ಐತಿ,” ಎಂದರು. “ತಮ್ಮಾ, ನೀ ಅಲ್ಲೇ ಇರು. ಒಳಗ ಬರಬ್ಯಾಡ. ಬರೇ ನೀರು ಕೊಡು.”

ನೀರು ಕೊಟ್ಟೆ. ಸ್ಟವ್ ಮತ್ತೆ ಹಚ್ಚಿದರು. ಮೂಳೆಗಳನ್ನು ಲಟ್ಟಣಿಗೆಯಲ್ಲಿ ಜಜ್ಜಿ, ಮತ್ತೆ ಕುದಿಯಲು ಇಟ್ಟರು. ಸಿಪ್ಪೆ-ದಂಟೆಲ್ಲ ಮೊದಲ ಸಲಕ್ಕೇ ಸತ್ವ ಬಿಟ್ಟಿದ್ದವು. ಹೊಸದಾಗಿ ಹಾಕಲು ನಮ್ಮ ಮನೆಯಲ್ಲಿ ಏನೂ ಇರಲಿಲ್ಲ. ಆಗ ಬಾಗಿಲಲ್ಲಿ ಓನರಮ್ಮ. ಮುಖ ಇನ್ನೂ ಬಿಗಿದೇ ಇತ್ತು. ಕೈಯಲ್ಲಿ ಒಂದು ಮೊರ. ಮೊರದಲ್ಲಿ ಅವತ್ತಿನ ಅವರ ಅಡುಗೆಯ ಈರುಳ್ಳಿ ತುದಿ, ಟೊಮೇಟೊ ತೊಟ್ಟು, ಕೊತ್ತಂಬರಿ ಬೇರು, ಶುಂಠಿ ಚೂರು.

“ಇವತ್ತು ಅಸುವಿನ್ ಪಾಲು ಈ ಮಗೀಗೆ,” ಎಂದರು. “ಬಕೆಟ್ಟು ಎಂಗೂ ಅಲ್ ಉಜ್ಜಿಸ್ಕೊಂತಾ ಬಿದ್ದೈತೆ.”

“ಕಳ್ಳತನ ಮಾಡ್ದೆ ಕೇಳಿದ್ರೇ ಕೊಡ್ತಿದ್ರಾ ಅಮ್ಮಾ?” ಎಂದೆ ಹೊರಗಿನಿಂದ.

“ಓ, ಕಳ್ಳತನಾನಾ ಅದು? ವಿಟಮಿನ್ನು ಅಂದಲ್ಲ!”

ಆಗ ಮೊದಲು ನಕ್ಕವರು ಗೆಳೆಯನ ತಂದೆ. ಅವರು ನಕ್ಕಮೇಲೆ ಓನರಮ್ಮನೂ ನಕ್ಕರು. ಬಕೆಟ್ಟು ಉಜ್ಜುವ ಕೆಲಸದಿಂದ ಮಾತ್ರ ನನಗೆ ಬಿಡುಗಡೆ ಸಿಗಲಿಲ್ಲ.

ಎರಡನೆಯ ರಸ ಮೊದಲಿನಷ್ಟು ಬಂಗಾರವಾಗಿರಲಿಲ್ಲ, ತುಸು ತೆಳುವಾಗಿತ್ತು. ತಂದೆ ಅದನ್ನು ಬಸಿದ ರೀತಿ ನೋಡಬೇಕಿತ್ತು: ಮೊದಲು ಕೆಳಗೆ ಬೋಗುಣಿ ಇದೆಯೇ ಎಂದು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಮತ್ತೆ ಬೋಗುಣಿ ನೋಡಿದರು, ಆಮೇಲೆ ಬಗ್ಗಿಸಿದರು. ಚೀಲದಿಂದ ಜೋಳದ ರೊಟ್ಟಿ ತೆಗೆದು ಚೂರುಚೂರಾಗಿ ಮುರಿದು ಅದರಲ್ಲಿ ನೆನೆಹಾಕಿ ಮಗನ ಮುಂದೆ ಇಟ್ಟರು. ಗೆಳೆಯ ತಲೆ ಎತ್ತದೆ ಉಂಡ. ಬೋಗುಣಿ ಎತ್ತಿ ಕುಡಿದ. ಕುಡಿದು, ತುಟಿ ಒರೆಸಿಕೊಂಡು, “ಇನ್ನಷ್ಟು ಐತೇನು?” ಎಂದ.

ನನ್ನ ಪಾಲಿಗೆ ಲೋಟದಲ್ಲಿ ನಿಂತಿದ್ದ ಆ ಕೋಳಿ ಕಾಲು ಬಂತು. ಚೀಪಿದೆ. ಚೆನ್ನಾಗಿಯೇ ಇತ್ತು.

ಮಧ್ಯಾಹ್ನ ಗೆಳೆಯ ಮಲಗಿ ನಿದ್ದೆ ಹೋದ. ಅವನ ತಂದೆ ಎದ್ದು ಅಟ್ಟದ ಮೇಲಿನಿಂದ ಅವನ ಟ್ರಂಕನ್ನು ಇಳಿಸಿದರು. ಏನಾದರೂ ಹೇಳಬೇಕೆಂದು ಹತ್ತಿರ ಹೋದೆ, ಭಾಷಣವೆಲ್ಲ ಮರೆತುಹೋಗಿತ್ತು. ಅವರು ಮುಚ್ಚಳ ತೆಗೆದು, ಧೂಳು ಊದಿ, ಮಗನ ಅಂಗಿಗಳನ್ನು ಒಂದು ಕಡೆ ಸರಿಸಿದರು. ಆಮೇಲೆ ತಮ್ಮ ಚೀಲ ಬಿಚ್ಚಿ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ ಪುಡಿಯ ಡಬ್ಬಿ, ಬೆಲ್ಲದ ಉಂಡೆ ಒಂದೊಂದಾಗಿ ಅದರೊಳಗೆ ಜೋಡಿಸಿದರು.

“ಇಲ್ಲೆ ಇಲಿ ಬರ್ತಾವೇನ?” ಎಂದು ಕೇಳಿದರು.

“ಬರ್ತವೆ ಕಾಕಾ.”

“ಹಂಗಾರ ಟ್ರಂಕಿನ್ಯಾಗ ಇರ್ಲಿ. ಮುಗದ ಮ್ಯಾಲೆ ಹೇಳಿ ಕಳ್ಸು ಅನ್ನು ಅವಗ.”

ಮುಚ್ಚಳ ಹಾಕಿ, ಟ್ರಂಕನ್ನು ಮತ್ತೆ ಅಟ್ಟಕ್ಕೆ ಏರಿಸಿದರು. ಅದಕ್ಕೆ ಮಾತ್ರ ನನ್ನ ಕೈ ಸಹಾಯ ತೆಗೆದುಕೊಂಡರು.

ಸಂಜೆ ಅವರನ್ನು ಯಶವಂತಪುರ ಸ್ಟೇಷನ್ನಿಗೆ ಬಿಡಲು ನಾನೇ ಹೋದೆ. ಗೆಳೆಯ ಗೇಟಿನ ತನಕ ಬಂದ, ಗೋಡೆ ಹಿಡಿಯದೆ. ಖಾಲಿ ಚೀಲ ನನ್ನ ಹೆಗಲಲ್ಲಿತ್ತು. ಎಲ್ಲ ಚೆನ್ನಾಗಿ ಮುಗಿಯಿತು ಎಂದುಕೊಂಡು ನಡೆಯುತ್ತಿದ್ದಾಗ ಸ್ಟೇಷನ್ ರಸ್ತೆಯಲ್ಲಿ ಕೋಳಿ ಅಂಗಡಿ ಬಂತು. ಅದನ್ನು ನಾನು ಮರೆತೇಬಿಟ್ಟಿದ್ದೆ.

“ಏನ್ ಗುರು!” ಭಾಯ್ ಒಳಗಿನಿಂದಲೇ ಕೂಗಿದರು. “ನಿಮ್ ಮುಧೋಳ ನಾಯಿ ಹೆಂಗಿದೆ? ಎದ್ದು ನಿಂತ್ಕೊಂತಾ? ಕಾಲೆಲ್ಲ ತಿಂತಾ?”

ಗೆಳೆಯನ ತಂದೆ ನಿಂತರು. “ಯಾವ ನಾಯಿ?”

“ಅದು... ಕಾಕಾ... ಅಂದ್ರೆ...” ನಾನು ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡೆ.

ಅವರು ನನ್ನನ್ನು ನೋಡಿದರು. ಭಾಯ್ ಮುಂದಿದ್ದ ಬುಟ್ಟಿಯನ್ನು ನೋಡಿದರು, ಅದರಲ್ಲಿದ್ದ ಕಾಲು, ಕತ್ತುಗಳನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ಎಲ್ಲ ಅರ್ಥವಾಗುವಷ್ಟು ಹೊತ್ತು ನೋಡಿದರು. ಅವರ ಮೀಸೆಯ ಒಂದು ತುದಿ ಮೇಲಕ್ಕೆ ಹೋದದ್ದನ್ನು ನಾನು ಕಂಡೆ.

“ಆರಾಮ ಆಗೇತ್ರಿ ಭಾಯಾರ,” ಎಂದರು. “ಇವತ್ತ ಮುಂಜಾನಿ ಓಡೂದು ನಾನ ಖುದ್ದ ನೋಡೀನಿ. ಭಾರೀ ಓಡ್ತೈತಿ. ಇನ್ನೊಂದ್ ನಾಕ್ ದಿನ ಅದಕ್ಕ ಎಲುಬು ಕೊಡ್ರಿ.”

“ನಾನ್ ಹೇಳಿಲ್ವಾ! ಮುಧೋಳ ಅಂದ್ರೆ ಮುಧೋಳ,” ಎಂದು ಭಾಯ್ ಖುಷಿಯಾಗಿ ಆಗಲೇ ಒಂದು ಗಂಟು ಕಟ್ಟಿ ಕೊಟ್ಟರು.

ಗೆಳೆಯನ ತಂದೆ ಅದನ್ನು ತೆಗೆದುಕೊಂಡು ನನ್ನ ಕೈಯಲ್ಲಿಟ್ಟರು. ಇಟ್ಟ ಮೇಲೂ ಗಂಟನ್ನು ಬಿಡಲಿಲ್ಲ.

“ತಮ್ಮಾ, ಸುಡೂದು ನೀ ಸುಡು, ಕುದಸೂದು ನೀ ಕುದಸು,” ಎಂದರು. “ಬಸಿಯೂದು ಮಾತ್ರ ನಾಯಿಗೆ ಬಿಡು.”